ಪ್ರಯಾಣಿಕರ ಗಮನಕ್ಕೆ, ಭಯ ತಡವಾಗಿ ಬರುತ್ತಿದೆ

"ಕುತ್ಕಳಿ ಗೌಡ್ರೆ, ಭಯ ಪಡಬೇಡಿ! ಅಲ್ಲಲ್ಲ, ಭಯ ಪಡಿ! ನೀವು ಪಟ್ರೇನೇ ಇದಕ್ಕೆ ಕೆಲಸ!" ಎಂದರು ಬೋರಲಿಂಗಯ್ಯ ಮೇಷ್ಟ್ರು.

ಮಂಡ್ಯದ ನಮ್ಮ ಬಡಾವಣೆಯ ಎರಡನೇ ಕ್ರಾಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಐ.ಟಿ.ಐ.ನಲ್ಲಿ ಮೂವತ್ತು ವರ್ಷ ವೈರಿಂಗ್ ಕಲಿಸಿ ನಿವೃತ್ತರಾದ ಮೇಲೆ ಮೇಷ್ಟ್ರು ಸುಮ್ಮನೆ ಕೂತವರಲ್ಲ. ಅವರು ಯಂತ್ರ ಕಂಡುಹಿಡಿಯುತ್ತಾರೆ, ನಮ್ಮ ಮನೆಯ ಫ್ಯೂಸ್ ಹಾರುತ್ತದೆ. ಹೋದ ವರ್ಷ ತಾನೇ ಮುದ್ದೆ ತಿರುವುವ ಯಂತ್ರ ಮಾಡಿದ್ದರು. ಆ ಮುದ್ದೆ ಇವತ್ತಿಗೂ ಅವರ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ.

ಈ ಸಲದ್ದು ಪ್ಲಾಸ್ಟಿಕ್ ಕುರ್ಚಿ. ಕೈ ಇಡುವಲ್ಲಿ ತಾಮ್ರದ ತಗಡು, ತೋಳಿಗೆ ಡಾಕ್ಟರು ಬಿ.ಪಿ. ನೋಡುವ ಪಟ್ಟಿ, ಹಿಂದೆ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುಜರಿಯಿಂದ ತಂದ ಹಳೇ ಬಸ್ ನಿಲ್ದಾಣದ ಪ್ರಕಟಣೆಯ ಯಂತ್ರ ಮತ್ತು ಅದರ ಮೈಕು. ಹೆಸರು ದಿಗಿಲ್‌ಮಣಿ.

"ಇದು ದೆವ್ವಗಳ ಹೆಸರು ಒಂದೊಂದಾಗಿ ಹೇಳ್ತದೆ. ನಿಮ್ಮ ನಾಡಿ ಎಲ್ಲಿ ಎಗರ್ತದೆ ಅಂತ ನೋಡ್ಕತದೆ. ಆಮೇಲೆ ನಿಮ್ಮ ಧೈರ್ಯಕ್ಕೆ ತಕ್ಕ ದೆವ್ವದ ಸಿನಿಮಾ ಹೇಳ್ತದೆ. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ!" ಎಂದು ಮೇಷ್ಟ್ರು ನನ್ನ ಕಡೆ ತಿರುಗಿ, "ನಂಜಣ್ಣ, ಇನ್ಮೇಲೆ ನೀನು ರೆಸ್ಟ್ ತಗೊ," ಎಂದರು.

ಆ ಮಾತು ನನಗೆ ಚುರುಕ್ಕೆಂದಿತು. ಏಕೆಂದರೆ ಊರಿಗೆ ದೆವ್ವದ ಸಿನಿಮಾ ಹೇಳುವವನು ನಾನು! ಹದಿನೇಳು ವರ್ಷ ಭೈರವ ವಿಡಿಯೋ ಲೈಬ್ರರಿ ನಡೆಸಿದವನು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಜನ ನನ್ನನ್ನು ಕ್ಯಾಸೆಟ್ ನಂಜಣ್ಣ ಎಂದೇ ಕರೆಯುತ್ತಾರೆ. ಹಾಲಿನ ಬೂತಿನ ಪಕ್ಕ ಒಂದು ಕರಿಹಲಗೆ ಇದೆ. ಅದರ ಮೇಲೆ ವಾರ ವಾರ ಸೀಮೆಸುಣ್ಣದಲ್ಲಿ "ಈ ವಾರದ ದೆವ್ವ" ಎಂದು ನಾನೇ ಬರೆಯುತ್ತೇನೆ. ಹೊಸದಾಗಿ ಮದುವೆಯಾದವರಿಗೆ ಪಾಳುಬಂಗಲೆಯ ದೆವ್ವ, ಅತ್ತೆಮನೆಗೆ ಬಂದ ಅಳಿಯನಿಗೆ ಬಾವಿಯ ದೆವ್ವ, ಕೆಲಸ ಸಿಗದವನಿಗೆ ಕೊನೆಗೆ ಸೋಲುವ ದೆವ್ವ. ನಾನು ಹೇಳಿದ್ದು ಒಂದೂ ಹುಸಿಹೋಗಿಲ್ಲ.

ಅಷ್ಟರಲ್ಲಿ ಬಡಾವಣೆಯ ಸಂಘದ ಅಧ್ಯಕ್ಷರಾದ ತಮ್ಮೇಗೌಡರು ಕುರ್ಚಿಯಲ್ಲಿ ಕೂತರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು, ಮೀಸೆಗೆ ದಿನಾ ಎಣ್ಣೆ ಹಚ್ಚುವವರು. ಪಟ್ಟಿ ಬಿಗಿಯಿತು. ಯಂತ್ರ ಅದೇನೇನೋ ಗೊಣಗಿತು. ಆಮೇಲೆ ಟಿಂಗ್ ಟಾಂಗ್ ಎಂದು ಗಂಟೆ ಬಾರಿಸಿ, ಎರಡು ಕ್ರಾಸಿಗೆ ಕೇಳುವಂತೆ ಹೆಣ್ಣು ದನಿಯಲ್ಲಿ ಒದರಿತು.

"ಪ್ರಯಾಣಿಕರ ಗಮನಕ್ಕೆ. ಶ್ರೀ ತಮ್ಮೇಗೌಡ ಅವರು ಮೋಹಿನಿಗೆ ಹೆದರುವುದಿಲ್ಲ. ಹುಣಸೆಮರದ ದೆವ್ವಕ್ಕೆ ಹೆದರುವುದಿಲ್ಲ. ಗೋಡೆಯ ಮೇಲಿನ ಹಲ್ಲಿಗೆ ಹೆದರುತ್ತಾರೆ."

"ಏಯ್! ಆಫ್ ಮಾಡ್ರೀ ಅದನ್ನ!" ಎಂದು ಗೌಡರು ಎದ್ದರು. ಮೀಸೆ ಕೆಳಗಿಳಿದಿತ್ತು. ಎದುರು ಮನೆಯ ಮಹಡಿಯ ಮೇಲೆ ಯಾರೋ ಕಿಸಕ್ಕೆಂದರು.

ಮುಂದಿನ ಸರದಿ ಕೆಂಪಮ್ಮಜ್ಜಿಯದು. ಎಂಬತ್ತೆರಡು ವರ್ಷ. ಹಗಲಲ್ಲೂ ಒಬ್ಬರೂ ಹೋಗದ ಸ್ಮಶಾನದ ಪಕ್ಕದ ಗದ್ದೆಗೆ ನಲವತ್ತು ವರ್ಷ ಒಬ್ಬಳೇ ನೀರು ಹಾಯಿಸಿದ ಹೆಂಗಸು. ಯಂತ್ರ ಮೋಹಿನಿ ಎಂದಿತು, ಕೊಳ್ಳಿದೆವ್ವ ಎಂದಿತು, ಹಲ್ಲಿ ಎಂದಿತು. ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಕೂತಿದ್ದಳು.

"ಪ್ರಯಾಣಿಕರ ಗಮನಕ್ಕೆ. ಈ ಆಸನ ಖಾಲಿ ಇದೆ."

"ಖಾಲಿ ಎಲ್ಲದೆ? ನಾನ್ ಕುಂತಿವ್ನಿ ಕಣೇ, ಕಣ್ ಕಾಣಾಕಿಲ್ವ ನಿಂಗೆ?" ಎಂದು ಅಜ್ಜಿ ಮೈಕಿನ ಕಡೆ ತಿರುಗಿ ಗದರಿದಳು.

"ಭಯ ಇಲ್ಲದೋರು ಇದ್ರೆ ಯಂತ್ರಕ್ಕೆ ಗೊತ್ತಾಗಲ್ಲ ಅಜ್ಜಿ, ಅದು ಸಣ್ಣ ದೋಷ," ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. "ಬಾ ನಂಜಣ್ಣ, ಈಗ ನೀನು!"

"ನನಗೆ ಮಂಡಿ ನೋವು ಮೇಷ್ಟ್ರೆ," ಎಂದು ನಾನು ಒಂದೇ ಉಸಿರಿಗೆ ಗೇಟು ದಾಟಿ ಮನೆ ಸೇರಿಕೊಂಡೆ.

ಯಾಕೆ ಎಂದು ನಿಮಗೆ ಹೇಳಿಬಿಡುತ್ತೇನೆ. ಊರಲ್ಲಿ ಈ ವಿಷಯ ನನ್ನ ಹೆಂಡತಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಾನು ಜೀವಮಾನದಲ್ಲಿ ಒಂದೇ ಒಂದು ದೆವ್ವದ ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ! ಬಾಗಿಲು ಕಿರ್ ಎಂದರೆ ಸಾಕು, ನನ್ನ ಕೈ ಅದಾಗಿಯೇ ಟಿ.ವಿ. ಸ್ವಿಚ್ಚಿಗೆ ಹೋಗುತ್ತಿತ್ತು.

ಹಾಗಾದರೆ ಜನರಿಗೆ ಹೇಗೆ ಹೇಳುತ್ತಿದ್ದೆ? ಕಥೆ ಡಬ್ಬಿಯ ಮೇಲೆ ಇರುತ್ತಿತ್ತು, ಭಯ ಎಷ್ಟು ಎಂದು ಕ್ಯಾಸೆಟ್ಟೇ ಹೇಳುತ್ತಿತ್ತು. ನೋಡಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ವಾಪಸ್ ಕೊಡಬೇಕೆಂದು ಅಂಗಡಿಯಲ್ಲಿ ಬೋರ್ಡು ಹಾಕಿದ್ದೆ. ಸಂಸಾರದ ಸಿನಿಮಾ ಒಯ್ದವರು ಸುತ್ತಿ ಕೊಡುತ್ತಿದ್ದರು. ದೆವ್ವದ ಸಿನಿಮಾ ಒಯ್ದವರು ಹೆದರಿ ಎಲ್ಲಿ ನಿಲ್ಲಿಸಿದರೋ ಅಲ್ಲಿಂದಲೇ ತಂದು ಕೊಡುತ್ತಿದ್ದರು. ಯಾವ ಕ್ಯಾಸೆಟ್ ಯಾರ ಮನೆಯಲ್ಲಿ ಎಲ್ಲಿಗೆ ನಿಂತಿತು ಎಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಕಾಲು ಭಾಗಕ್ಕೇ ನಿಂತಿದ್ದರೆ ಭಾರಿ ದೆವ್ವ, ಅರ್ಧಕ್ಕೆ ನಿಂತಿದ್ದರೆ ಮಧ್ಯಮ. ಅಷ್ಟೇ ನನ್ನ ವಿದ್ಯೆ. ಅದರ ಮೇಲೆ ಇಷ್ಟು ವರ್ಷದ ಹೆಸರು ನಿಂತಿತ್ತು, ಮತ್ತು ಆ ಹೆಸರು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಆ ಸಂಜೆ ಸಂಘದ ಸಭೆ ಸೇರಿತು. ಮೊಬೈಲ್ ನೋಡಿ ನೋಡಿ ಬಡಾವಣೆಯವರಿಗೆ ಹ್ಯಾಲೋವೀನ್ ಹುಚ್ಚು ಹತ್ತಿತ್ತು.

"ಅದೇನ್ಲಾ ಅದು ಹಾಲುಬಾನು?" ಎಂದಳು ಕೆಂಪಮ್ಮಜ್ಜಿ. ದೆವ್ವಗಳ ಹಬ್ಬ ಎಂದು ವಿವರಿಸಿದ ಮೇಲೆ ಕಣ್ಣು ಕೆಕ್ಕರಿಸಿದಳು. "ಪಿತೃಪಕ್ಷದಲ್ಲಿ ಎಡೆ ಇಟ್ಟು, ಹೊಟ್ಟೆ ತುಂಬ ಉಣ್ಣಕಿಕ್ಕಿ, ಹೋಗ್ಬುಟ್ಟು ಬನ್ನಿ ಅಂತ ಕಳಿಸಿ ಇನ್ನೂ ಸರಿಯಾಗಿ ದಿನ ಆಗಿಲ್ಲ. ಮತ್ಯಾಕ್ರಲಾ ಕರುಸ್ತೀರಿ? ಅವ್ರಿಗೂ ಸುಸ್ತಾಗಾಕಿಲ್ವಾ?"

ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದದ್ದು ಒಂದೇ. ಅಕ್ಟೋಬರ್ ಮೂವತ್ತೊಂದಕ್ಕೆ ಸಂಜೆ ಆರು ಗಂಟೆಗೆ ಸಮುದಾಯ ಭವನದಲ್ಲಿ ಒಂದು ದೆವ್ವದ ಸಿನಿಮಾ. ಯಾವ ಸಿನಿಮಾ ಎಂದು ದಿಗಿಲ್‌ಮಣಿ ಹೇಳಬೇಕು. ಮೇಷ್ಟ್ರು ಇಪ್ಪತ್ತು ಕುರ್ಚಿಗೆ ವೈರು ಎಳೆಯುತ್ತಾರೆ.

"ಒಂದೇ ತೊಂದರೆ," ಎಂದರು ಮೇಷ್ಟ್ರು. "ತಕ್ಕಡಿ ತೂಗೋಕೆ ಮುಂಚೆ ಸೊನ್ನೆಗೆ ನಿಲ್ಲಿಸಬೇಕಲ್ಲ? ಹಂಗೆ ಇದಕ್ಕೂ ಭಯವೇ ಇಲ್ಲದ ಒಬ್ಬ ಮನುಷ್ಯ ಸೊನ್ನೆ ಆಗಿ ಕೂತ್ಕೋಬೇಕು. ಮಿಕ್ಕೋರ ಭಯಾನೆಲ್ಲ ಅವನಿಂದ ಅಳೀತದೆ. ಕೆಂಪಮ್ಮಜ್ಜಿ ಆಗಲ್ಲ, ಅಜ್ಜಿ ಕೂತ್ರೆ ಯಂತ್ರಕ್ಕೆ ಕಾಣೋದೇ ಇಲ್ಲ."

ತಮ್ಮೇಗೌಡರು ನನ್ನ ಬೆನ್ನ ಮೇಲೆ ಬಲವಾಗಿ ಒಂದು ಬಾರಿಸಿದರು. "ಇದಾನಲ್ಲ ನಮ್ಮ ನಂಜಣ್ಣ! ಸಾವಿರ ದೆವ್ವ ಜೀರ್ಣಿಸಿಕೊಂಡವನು! ಇವನೇ ಸೊನ್ನೆ!"

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಬೇರೆ ದಾರಿ ಇರಲಿಲ್ಲ.

"ಒಪ್ಕಂಡುಬಿಡಿ ಅಂದ್ರೆ!" ಎಂದಳು ಮನೆಯಲ್ಲಿ ಪ್ರೇಮಲೀಲಾ. ನನ್ನ ಹೆಂಡತಿ. "ಮೇಷ್ಟ್ರೆ, ನನಗೆ ದೆವ್ವ ಅಂದ್ರೆ ಪುಕಪುಕ ಅಂತ ಒಂದು ಮಾತು ಹೇಳಿದ್ರೆ ಏನ್ ಗಂಟು ಹೋಯ್ತದೆ?"

"ಮಾನ ಹೋಯ್ತದೆ ಕಣೆ!"

"ಕರೆಂಟ್ ಹೋದಾಗ ಬಚ್ಚಲಲ್ಲಿ ಕೂತು 'ಪ್ರೇಮಾ ಇದ್ದಿಯಾ, ಪ್ರೇಮಾ ಇದ್ದಿಯಾ' ಅಂತ ಕೂಗ್ತಿರಲ್ಲ, ಆಗ ಹೋಗಲ್ವಾ ಮಾನ?"

"ಅದು ನಿನ್ನ ಮೇಲಿನ ಪ್ರೀತಿ."

"ಆಹಾ! ಕರೆಂಟ್ ಬಂದ ತಕ್ಷಣ ಪ್ರೀತಿ ಎಲ್ಲಿಗೋಯ್ತದೆ?"

ಆದರೆ ನಾನು ಬೇರೆ ಉಪಾಯ ಮಾಡಿದೆ. ಕಿವಿಗೆ ಹತ್ತಿ, ಕಣ್ಣಿಗೆ ಕಪ್ಪು ಕನ್ನಡಕ. ಸಿನಿಮಾ ಕೇಳಿಸದಿದ್ದರೆ, ಕಾಣಿಸದಿದ್ದರೆ ಭಯ ಎಲ್ಲಿಂದ ಬರಬೇಕು?

ಮೂವತ್ತೊಂದು ಬಂತು. ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಇಪ್ಪತ್ತು ಕುರ್ಚಿ, ಇಪ್ಪತ್ತು ಪಟ್ಟಿ, ಎಲ್ಲವನ್ನೂ ಒಂದೇ ದಪ್ಪ ವೈರಿಗೆ ಪೋಣಿಸಲಾಗಿತ್ತು. ನಡುವಿನ ಒಂಬತ್ತನೇ ಕುರ್ಚಿಗೆ ಮಾತ್ರ ಚೆಂಡುಹೂವಿನ ಹಾರ ಹಾಕಿದ್ದರು. ಅದು ನನ್ನದು. ಒಂದು ಪಕ್ಕದಲ್ಲಿ ಪ್ರೇಮಾ, ಇನ್ನೊಂದು ಪಕ್ಕದಲ್ಲಿ ಗೌಡರು. ಹಿಂದಿನ ಸಾಲಿನಲ್ಲಿ ಅಜ್ಜಿ, ಎಲೆ ಅಡಿಕೆ ಚೀಲದ ಸಮೇತ.

ನಾನು ತಲೆ ಎತ್ತಿ ನೋಡಿದರೆ ಸೂರಿನ ತುಂಬ ಹಗ್ಗ, ರಾಟೆ, ಬಟ್ಟೆ!

"ಇದೆಲ್ಲ ಏನು ಮೇಷ್ಟ್ರೆ?"

"ಓ, ಅದಾ! ಹೊಸದಾಗಿ ಸೇರಿಸಿದೀನಿ. ಸಿನಿಮಾ ಸಪ್ಪೆಯಾಗಿ ಜನಕ್ಕೆ ಭಯ ಸಾಲದೆ ಹೋದ್ರೆ, ಕೊರತೆ ಎಷ್ಟದೆಯೋ ಅಷ್ಟನ್ನ ದಿಗಿಲ್‌ಮಣಿನೇ ತುಂಬಿಕೊಡ್ತದೆ. ಭಯ ಜಾಸ್ತಿ ಆದ್ರೆ ಸಮಾಧಾನಾನೂ ಅದೇ ಮಾಡ್ತದೆ. ಕರೆಂಟ್ ಹೋದ್ರೂ ನಿಲ್ಲದಂಗೆ ಬ್ಯಾಟರಿ ಒಳಗಿಟ್ಟು ವೆಲ್ಡ್ ಮಾಡ್ಬುಟ್ಟಿದೀನಿ!" ಎಂದು ಮೇಷ್ಟ್ರು ಎದೆ ಉಬ್ಬಿಸಿದರು.

ನನ್ನ ಎದೆ ಡವಡವ ಎನ್ನತೊಡಗಿತು. ಹತ್ತಿ ತುರುಕಿಕೊಂಡೆ, ಕನ್ನಡಕ ಹಾಕಿಕೊಂಡೆ, ಆದರೂ ಇದು ನಿಲ್ಲಲಿಲ್ಲ. ಆಗ ನನಗೆ ಗೊತ್ತಾಯಿತು. ನನಗೆ ಈಗ ಇದ್ದದ್ದು ದೆವ್ವದ ಭಯವಲ್ಲ, ಸಿಕ್ಕಿಬೀಳುವ ಭಯ! ಆ ಭಯಕ್ಕೆ ಹತ್ತಿ ಇಟ್ಟರೇನು, ಅರಳೆಯ ಮೂಟೆ ಇಟ್ಟರೇನು?

ಮೇಷ್ಟ್ರು ಗುಂಡಿ ಒತ್ತಿದರು. ಟಿಂಗ್ ಟಾಂಗ್!

"ಪ್ರಯಾಣಿಕರ ಗಮನಕ್ಕೆ. ಒಂಬತ್ತನೇ ಆಸನವನ್ನು ಸೊನ್ನೆ ಎಂದು ಪರಿಗಣಿಸಲಾಗಿದೆ. ಇಂದಿನ ಚಿತ್ರ, ಪಾಳುಬಂಗಲೆ ಮತ್ತು ಒಂಟಿಗಾಲಿನ ಸೊಸೆ ಇರುವಂಥದ್ದು."

ಆ ಸಿನಿಮಾದ ಹೆಸರು ಹೇಳುವುದಿಲ್ಲ, ಹೇಳಿದರೆ ರಾತ್ರಿ ಲೈಟ್ ಹಾಕಿಕೊಂಡೇ ಮಲಗಬೇಕಾಗುತ್ತದೆ. ಕಪ್ಪು ಕನ್ನಡಕದಲ್ಲೂ ಪರದೆಯ ಮೇಲೆ ಬಂಗಲೆ ಬಂತು, ಗಾಳಿ ಬಂತು, ಹತ್ತಿಯೊಳಗೂ ಬಾಗಿಲು ಕಿರ್ ಎಂದಿತು. ಮುಂದಿನ ಸಾಲಿನವರು ಹಿತವಾಗಿ ಹೆದರತೊಡಗಿದರು. ಒಬ್ಬಿಬ್ಬರು ಅಯ್ಯಯ್ಯೋ ಎಂದರು. ಎಲ್ಲವೂ ಸರಿಯಾಗಿಯೇ ಇತ್ತು, ನನ್ನ ನಾಡಿಯೊಂದನ್ನು ಬಿಟ್ಟು. ಅದು ಓಡುತ್ತಿತ್ತು. ಯಂತ್ರ ಪಾಪ, ಅದನ್ನೇ ಸೊನ್ನೆ ಎಂದು ನಂಬಿತ್ತು!

"ಪ್ರಯಾಣಿಕರ ಗಮನಕ್ಕೆ. ಎಲ್ಲ ಆಸನಗಳಲ್ಲಿ ಭಯವು ಸೊನ್ನೆಗಿಂತ ಕೆಳಗಿದೆ. ಭಯ ತಡವಾಗಿ ಬರುತ್ತಿದೆ. ವಿಶೇಷ ಭಯದ ವ್ಯವಸ್ಥೆ ಮಾಡಲಾಗಿದೆ."

ಫ್ಯಾನುಗಳು ನಿಂತವು. ಎಲ್ಲೋ ಗೆಜ್ಜೆ ಘಲ್ ಎಂದಿತು. ಸೂರಿನಿಂದ ಒದ್ದೆ ಬಟ್ಟೆಯೊಂದು ಇಳಿದು ಎಲ್ಲರ ಕುತ್ತಿಗೆಯನ್ನೂ ಸವರಿಕೊಂಡು ಹೋಯಿತು. ನನ್ನ ಕುತ್ತಿಗೆಗೆ ಬಂದಾಗ ನಾನು ಪ್ರೇಮಾಳ ಕೈ ಹಿಡಿದೆ.

"ಬಳೆ ಒಡೀತದೆ ಬುಡಿ!" ಎಂದು ಅವಳು ಗದರಿದಳು.

ಇಲ್ಲಿ ವಿಷಯ ಏನೆಂದರೆ, ಯಂತ್ರ ಹೆದರಿಸಿದಷ್ಟೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು ನಾನು. ನಾನು ಹೆದರಿದಷ್ಟೂ ಸೊನ್ನೆ ಮೇಲಕ್ಕೇರುತ್ತಿತ್ತು. ಸೊನ್ನೆ ಏರಿದಷ್ಟೂ ಮಿಕ್ಕವರ ಭಯ ಅದಕ್ಕೆ ಕಡಿಮೆ ಕಾಣುತ್ತಿತ್ತು. ಕಡಿಮೆ ಕಂಡಷ್ಟೂ ಅದು ಇನ್ನಷ್ಟು ಹೆದರಿಸುತ್ತಿತ್ತು!

"ಪ್ರಯಾಣಿಕರ ಗಮನಕ್ಕೆ. ಭಯ ಇನ್ನೂ ತಡವಾಗಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ. ಹೆಚ್ಚುವರಿ ಭಯ ಹೊರಡಲಿದೆ."

ಕುರ್ಚಿಗಳು ಮಿಕ್ಸಿಯಂತೆ ಗಡಗಡ ನಡುಗತೊಡಗಿದವು. ನೆಲದ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣುಗಳು ತಾವೇ ಉರುಳಿಕೊಂಡು ಬಂದವು. ಬಿಳಿ ಸೀರೆಯೊಂದು ತಂತಿಯ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಸುಯ್ಯನೆ ಓಡಾಡಿತು. ಅದು ಮೇಷ್ಟ್ರ ಹೆಂಡತಿಯ ಮದುವೆ ಸೀರೆ ಎಂದು ಪ್ರೇಮಾ ಆಮೇಲೆ ಗುರುತು ಹಿಡಿದಳು. ಅಷ್ಟರಲ್ಲಿ ಯಂತ್ರಕ್ಕೆ ಹಳೆಯದೊಂದು ನೆನಪಾಯಿತು.

"ಎಂಟನೇ ಆಸನದ ಶ್ರೀ ತಮ್ಮೇಗೌಡ ಅವರಿಗೆ ಹಲ್ಲಿಗಳು ಬರುತ್ತಿವೆ."

ಬಂದವು! ಸೂರಿನಿಂದ ಗೌಡರ ತಲೆಯ ಮೇಲೆ ಪಟಪಟ ಎಂದು ಒಂದು ಡಜನ್ ರಬ್ಬರ್ ಹಲ್ಲಿ ಉದುರಿದವು. ಗೌಡರು "ಅವ್ವಾ!" ಎಂದು ಚೀರಿ ಎದ್ದು ಓಡಿದರು. ತೋಳಿನ ಪಟ್ಟಿ ಬಿಗಿದಿತ್ತು, ಪಟ್ಟಿಗೆ ಕುರ್ಚಿ, ಕುರ್ಚಿಗೆ ವೈರು, ವೈರಿಗೆ ನಾವೆಲ್ಲ. ಇಪ್ಪತ್ತು ಕುರ್ಚಿಯೂ ಗೂಡ್ಸ್ ಗಾಡಿಯ ಹಾಗೆ ಅವರ ಹಿಂದೆ ಹೊರಟವು! ಭವನದ ಸುತ್ತ ಒಂದು ಸುತ್ತಾಯಿತು, ಎರಡಾಯಿತು. ಕೊನೆಯ ಬೋಗಿಯಲ್ಲಿ ಕೆಂಪಮ್ಮಜ್ಜಿ ಕಾಲು ಮೇಲೆತ್ತಿಕೊಂಡು ಕೂತು, "ಇನ್ನೊಂದ್ ಸುತ್ತು ಹೊಡಿಯೋ ಗೌಡ!" ಎಂದು ನಗುತ್ತಿದ್ದಳು.

"ಇಪ್ಪತ್ತನೇ ಆಸನ ಖಾಲಿ ಇದೆ," ಎಂದಿತು ಯಂತ್ರ.

"ನಿನ್ ಬಾಯಿಗೆ ಮಣ್ಣಾಕ!" ಎಂದಳು ಅಜ್ಜಿ.

ಮೇಷ್ಟ್ರು ಪ್ಲಗ್ ಕಿತ್ತರು. ಬ್ಯಾಟರಿ ಇತ್ತಲ್ಲ, ಯಂತ್ರ ಕ್ಯಾರೇ ಅನ್ನಲಿಲ್ಲ. ನಾನು ಪಟ್ಟಿ ಬಿಚ್ಚಲು ಹೋದೆ. "ಬಿಚ್ಚಬೇಡ ನಂಜಣ್ಣಾ!" ಎಂದು ಮೇಷ್ಟ್ರು ಕಿರುಚಿದರು. "ಸೊನ್ನೆ ಕಳೆದ್ಹೋದ್ರೆ ಎಲ್ಲಿಗೆ ನಿಲ್ಲಿಸ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ, ಬೆಳಗಾಗೋವರೆಗೂ ಹೆದರಿಸ್ತದೆ!" ಆಮೇಲೆ ಪೆಟ್ಟಿಗೆಯ ಮುಂದೆ ಮಂಡಿಯೂರಿ ಭಯ ತೋರಿಸುವ ಮುಳ್ಳು ನೋಡಿದವರು ಹಾಗೇ ಕಲ್ಲಾದರು.

"ಒಂಬತ್ತನೇ ಆಸನದ ಮುಳ್ಳು ಕೊನೆಗೆ ಹೋಗಿ ಅಂಟ್ಕಂಡದೆ. ನಂಜಣ್ಣನಿಗೆ ಇಷ್ಟು ಭಯ ಅಂತೆ! ಹಂಗಿದ್ರೆ ಯಂತ್ರನೇ ಸುಳ್ಳು. ಬುಡದಿಂದಲೇ ತಪ್ಪು ಮಾಡಿದೀನಿ."

ಮೂರನೇ ಸುತ್ತಿಗೆ ಗೌಡರು ಸುಸ್ತಾಗಿ ನಿಂತರು, ನಾವೂ ನಿಂತೆವು. "ತಗೊಂಡೋಗಿ ಗುಜರಿಗೆ ಹಾಕ್ರೀ ಅದನ್ನ!" ಎಂದು ಅವರು ಏದುಸಿರು ಬಿಟ್ಟರು. "ಇನ್ನೊಂದು ಸಲ ಈ ಬಡಾವಣೇಲಿ ನೀವು ಒಂದು ಬಲ್ಬ್ ಹಾಕಿದ್ರೂ ನೋಡ್ಕತೀನಿ!"

ಮೇಷ್ಟ್ರು ಚೀಲದಿಂದ ಸುತ್ತಿಗೆ ತೆಗೆದರು. ವರ್ಷವಿಡೀ ಅವರು ಆ ಪೆಟ್ಟಿಗೆಯ ಮುಂದೆ ಕೂತಿದ್ದನ್ನು ನಾನು ಗೋಡೆಯ ಈಚೆಯಿಂದ ದಿನಾ ಕೇಳಿದ್ದೇನೆ. ಸುಟ್ಟುಕೊಂಡಾಗ ಹಾ ಎನ್ನುವುದು, ಬಲ್ಬು ಹೊತ್ತಿಕೊಂಡಾಗ ಓಹೋ ಎನ್ನುವುದು, ಎಲ್ಲವೂ ನನಗೆ ಕೇಳಿಸುತ್ತಿತ್ತು. ಈಗ ಅವರ ಕಣ್ಣಲ್ಲಿ ನೀರು ನಿಂತಿತ್ತು. ನನ್ನ ಮಾನ ಉಳಿಯಬೇಕಾದರೆ ಈ ಮನುಷ್ಯ ತನ್ನ ಕೈಯಾರೆ ತನ್ನ ಯಂತ್ರವನ್ನು ಒಡೆಯಬೇಕಿತ್ತು.

ಪ್ರೇಮಾ ನನ್ನನ್ನೇ ನೋಡುತ್ತಿದ್ದಳು.

"ಮೇಷ್ಟ್ರೆ, ತಡೀರಿ!" ಎಂದೆ. ಹತ್ತಿ ತೆಗೆದೆ, ಕನ್ನಡಕ ತೆಗೆದೆ. "ಯಂತ್ರ ಸರಿಯಾಗೇ ಅದೆ. ಸುಳ್ಳು ಹೇಳಿದವನು ನಾನು."

"ಏನಂದೆ?"

"ನನಗೆ ದೆವ್ವ ಅಂದ್ರೆ ಪುಕಪುಕ! ಇಷ್ಟು ವರ್ಷದಲ್ಲಿ ಒಂದೇ ಒಂದು ದೆವ್ವದ ಸಿನಿಮಾನೂ ಪೂರ್ತಿ ನೋಡಿಲ್ಲ. ನೀವೆಲ್ಲ ಹೆದರ್ಕಂಡು ಎಲ್ಲಿ ಟೇಪ್ ನಿಲ್ಲಿಸ್ತಿದ್ರೋ ಅದನ್ನ ನೋಡಿ ನಾನು ಮುಂದಿನವರಿಗೆ ಹೇಳ್ತಿದ್ದೆ. ಕರೆಂಟ್ ಹೋದ್ರೆ ಬಚ್ಚಲಲ್ಲಿ ಒಬ್ಬನೇ ಕೂರೋಕೂ ನನ್ನ ಕೈಲಿ ಆಗಲ್ಲ. ಆಯ್ತಾ? ಬರ್ಕಳಿ!"

ಪರದೆಯ ಮೇಲೆ ಒಂಟಿಗಾಲಿನ ಸೊಸೆ ಕುಂಟುತ್ತಾ ನನ್ನ ಕಡೆಗೇ ಬರುತ್ತಿದ್ದಳು. ನಾನು ಅವಳನ್ನು ನೋಡಿದೆ. ಅವಳ ಸೀರೆಯ ಕೆಳಗೆ ಮಡಚಿಟ್ಟ ಇನ್ನೊಂದು ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟಕ್ಕಾ ಇಷ್ಟು ವರ್ಷ ಹೆದರಿದ್ದು ಎನಿಸಿತು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ, ಎದೆ ಹಗುರವಾಗಿತ್ತು.

ಟಿಂಗ್ ಟಾಂಗ್!

"ಪ್ರಯಾಣಿಕರ ಗಮನಕ್ಕೆ. ಒಂಬತ್ತನೇ ಆಸನ ಖಾಲಿ ಇದೆ."

ಪ್ರೇಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಂಪಮ್ಮಜ್ಜಿ ಹಿಂದಿನಿಂದ, "ಬಾರ್ಲಾ ನಂಜ, ನಮ್ ಜಾತಿಗೆ ಸೇರ್ಕಂಡೆ!" ಎಂದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಟ್ಟಿ ಇನ್ನೂ ನನ್ನ ತೋಳಲ್ಲೇ ಇತ್ತು, ಯಂತ್ರ ಮೊದಲೇ ಗುರುತು ಹಾಕಿಕೊಂಡಿದ್ದ ಸೊನ್ನೆ ಈಗ ನಿಜವಾಗಿಯೂ ಸೊನ್ನೆಯಾಗಿತ್ತಲ್ಲ! ಮಿಕ್ಕವರ ಭಯವೆಲ್ಲ ಒಮ್ಮೆಲೇ ಬೆಟ್ಟದಷ್ಟು ಕಂಡಿತು ಯಂತ್ರಕ್ಕೆ.

"ಪ್ರಯಾಣಿಕರ ಗಮನಕ್ಕೆ. ಮಿತಿಮೀರಿದ ಭಯ ಕಂಡುಬಂದಿದೆ. ಸಮಾಧಾನ ಹೊರಡಲಿದೆ."

"ಸಮಾಧಾನ ಅಂದ್ರೆ ಏನ್ರೀ?" ಎಂದರು ಗೌಡರು ಗಾಬರಿಯಿಂದ.

"ವಿಭೂತಿ," ಎಂದರು ಮೇಷ್ಟ್ರು. "ತಲೆಗೆ ಒಂದು ಚಿಟಿಕೆ ಅಂತ ಇಟ್ಟಿದ್ದೆ. ಅದು ಭಯದ ಲೆಕ್ಕದಲ್ಲಿ..."

ಮಾತು ಮುಗಿಯಲಿಲ್ಲ. ಸೂರಿನಲ್ಲಿದ್ದ ಗೋಣಿಚೀಲ ಬಾಯಿ ತೆರೆಯಿತು. ಹತ್ತು ಕೆ.ಜಿ. ವಿಭೂತಿ ಭುಸ್ ಎಂದು ಎಲ್ಲರ ಮೇಲೂ ಸುರಿಯಿತು. ಹಿಂದೆಯೇ ಎಲ್ಲರಿಗೂ ಹಿತವಾಗಲೆಂದು ಬೆಲ್ಲದ ಪಾನಕವನ್ನು ಸಿಂಪಡಿಸಿತು. ವಿಭೂತಿ ಅಂಟಿಕೊಂಡಿತು. ಪಟ್ಟಿಗಳು ಸಡಿಲವಾದವು. ಇಪ್ಪತ್ತು ಜನ ಅಡಿಯಿಂದ ಮುಡಿಯವರೆಗೂ ಬೆಳ್ಳಗೆ, ಕಣ್ಣು ಮಾತ್ರ ಬಿಟ್ಟುಕೊಂಡು, ಕೆಮ್ಮುತ್ತಾ ನರಳುತ್ತಾ ಕೈ ಮುಂದೆ ಚಾಚಿ ಬಾಗಿಲು ಹುಡುಕಿಕೊಂಡು ಬೀದಿಗೆ ಬಂದೆವು.

ಹೊರಗೆ ಪಾನಿಪುರಿಯವನು ಗಾಡಿಯನ್ನು ಅಲ್ಲೇ ಬಿಟ್ಟು ಓಡಿದ. ತಿನ್ನುತ್ತಿದ್ದವರು ಪುರಿಯನ್ನು ಬಾಯಲ್ಲೇ ಇಟ್ಟುಕೊಂಡು ಓಡಿದರು. ಮೂರನೇ ಕ್ರಾಸಿನವರು ಬಾಗಿಲು ಹಾಕಿಕೊಂಡರು. ಈ ಹ್ಯಾಲೋವೀನ್ ನಮ್ಮ ಬಡಾವಣೆಯಲ್ಲಿ ನಡೆದ ಹಾಗೆ ಎಲ್ಲೂ ನಡೆದಿರಲಾರದು. ಕೆಂಪಮ್ಮಜ್ಜಿ ಗಾಡಿಯ ಹತ್ತಿರ ಹೋಗಿ ಒಂದು ಮಸಾಲೆಪುರಿ ತಾನೇ ಬಡಿಸಿಕೊಂಡಳು.

ಮರುದಿನ ಬೆಳಗ್ಗೆ ಹಾಲಿನ ಬೂತಿಗೆ ಹೋಗಲು ನನಗೆ ಕಾಲೇ ಬರಲಿಲ್ಲ. ಪ್ರೇಮಾ ದಬ್ಬಿ ಕಳಿಸಿದಳು. ಕರಿಹಲಗೆಯ ಹತ್ತಿರ ತಮ್ಮೇಗೌಡರೇ ನಿಂತಿದ್ದರು. ಕಿವಿಯಲ್ಲಿ ಇನ್ನೂ ವಿಭೂತಿ ಇತ್ತು.

"ಏನಯ್ಯ, ಈ ವಾರದ ದೆವ್ವ ಬರ್ದಿಲ್ಲ?"

"ಇನ್ನು ನಾನು ಹೇಳಿದ್ದನ್ನ ಯಾರು ನಂಬ್ತಾರೆ ಗೌಡ್ರೆ?"

"ನಿನ್ನಷ್ಟು ಹೆದರೋನು ಜಿಲ್ಲೇಲಿಲ್ಲ, ನಿನ್ನ ನಂಬದೆ ಇನ್ಯಾರನ್ನ ನಂಬೋದು? ಸುಮ್ನೆ ನೋಡೋಕೆ ಕೂತ್ಕೊ. ಎಷ್ಟನೇ ನಿಮಿಷಕ್ಕೆ ಎದ್ದು ಓಡಿದೆ ಅಂತ ಬರಿ. ನಾವು ಲೆಕ್ಕ ಹಾಕ್ಕತೀವಿ."

ಆವತ್ತಿನಿಂದ ಹಲಗೆಯ ಮೇಲೆ ಹಾಗೇ ಬರೆಯುತ್ತಿದ್ದೇನೆ. ಬಾವಿಯ ದೆವ್ವ, ಹದಿನಾಲ್ಕು ನಿಮಿಷ. ಹಾಸ್ಟೆಲಿನ ದೆವ್ವ, ಒಂಬತ್ತು. ನಾಲ್ಕು ನಿಮಿಷದ್ದೊಂದು ಸಿಕ್ಕಿದಾಗ ಮೂರನೇ ಕ್ರಾಸಿನವರೂ ಬಂದು ಸಿನಿಮಾದ ಹೆಸರು ಬರೆದುಕೊಂಡು ಹೋದರು. ಮೇಷ್ಟ್ರು ದಿಗಿಲ್‌ಮಣಿಯನ್ನು ಮತ್ತೆ ರಿಪೇರಿ ಮಾಡುತ್ತಿದ್ದಾರೆ. ನಮ್ಮ ಫ್ಯೂಸ್ ಎಂದಿನಂತೆ ಹಾರುತ್ತಿದೆ.

ಮೊನ್ನೆ ಮಾತ್ರ ಒಂದು ದೆವ್ವದ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ, ಒಬ್ಬನೇ ಕೂತು, ಲೈಟ್ ಆರಿಸಿ ನೋಡಿಬಿಟ್ಟೆ. ಜೀವಮಾನದ ಸಾಧನೆ! ಮಾರನೇ ದಿನ ಹಲಗೆಯ ಮೇಲೆ ಬರೆದೆ: "ನಾನೇ ಪೂರ್ತಿ ನೋಡಿದ್ದೇನೆ. ಯಾರೂ ನೋಡಬೇಡಿ."